ಗೋಡೆಯ ಇಟ್ಟಿಗೆಯೂ ಉಪಾಧ್ಯಾಯನೂ

ಪಾಶ್ಚಾತ್ಯ ರಾಕ್ ಸಂಗೀತದ ಧ್ವನಿಮುದ್ರಿಕೆಯೊಂದನ್ನು ಕುರಿತು ಕನ್ನಡ ಪ್ರಾಥಮಿಕ ಶಾಲೆಯ ಉಪಾಧ್ಯಾಯನು ಲೇಖನಿಯೆತ್ತುವುದು ಅಧಿಕಪ್ರಸಂಗವೆಂದು ಕೆಲವು ಮಿತ್ರರಿಗೆ ತೋರಬಹುದು. ತೋರಲಿ. ಆ ಮುದ್ರಿಕೆಯು ನಮ್ಮ ವೃತ್ತಿಯನ್ನೇ ಕಟಕಟೆಯಲ್ಲಿ ನಿಲ್ಲಿಸಿರುವಾಗ ನಾವು ಬಾಯಿ ಮುಚ್ಚಿಕೊಂಡಿರುವುದು ಯಾವ ನ್ಯಾಯ?

ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ವಾದ್ಯಗೋಷ್ಠಿಯು 1979ರ ನವೆಂಬರ್ 30ರಂದು ಹೊರತಂದ 'ದಿ ವಾಲ್' ಎಂಬ ಮುದ್ರಿಕೆಯ ಮಾತು ಇದು. ಎರಡು ತಟ್ಟೆ, ನಾಲ್ಕು ಮಗ್ಗುಲು, 26 ಹಾಡು. ಎಲ್ಲವೂ ಸೇರಿ ಒಂದೇ ಕಥೆ. ತಂದೆಯನ್ನು ಯುದ್ಧಕ್ಕೆ ಬಲಿಕೊಟ್ಟ ಬಾಲಕನೊಬ್ಬನು ಬೆಳೆದು ಗಾಯಕನಾಗುತ್ತಾನೆ. ತಾಯಿಯ ಅತಿಮೋಹ, ಉಪಾಧ್ಯಾಯನ ಕ್ರೌರ್ಯ, ಪತ್ನಿಯ ವಿಯೋಗ ಒಂದೊಂದೂ ಒಂದೊಂದು ಇಟ್ಟಿಗೆಯಾಗಿ ಅವನ ಸುತ್ತ ಗೋಡೆಯೇಳುತ್ತದೆ. ಕಡೆಗೆ ಅವನ ಮನಸ್ಸಿನೊಳಗೇ ನಡೆಯುವ ವಿಚಾರಣೆಯ ತೀರ್ಪಿನಂತೆ ಅದು ಕೆಡಹಲ್ಪಡುತ್ತದೆ.

ಈ ಕಥೆಯಲ್ಲಿ ಲೋಕಕ್ಕೆ ಪರಿಚಿತವಾದದ್ದು ಒಂದೇ ಹಾಡು: ಮಕ್ಕಳು ಒಕ್ಕೊರಲಿನಿಂದ ವಿದ್ಯಾಭ್ಯಾಸವೇ ಬೇಡವೆಂದು ಕೂಗುವ ಹಾಡು. ಅದನ್ನು ಕೇಳಿ ಹಿರಿಯ ಉಪಾಧ್ಯಾಯರು ಕಿವಿ ಮುಚ್ಚಿಕೊಳ್ಳುತ್ತಾರೆ, ತರುಣರು ಅಂಗಿಯ ಎದೆಯ ಮೇಲೆ ಅಚ್ಚುಹಾಕಿಸಿಕೊಳ್ಳುತ್ತಾರೆ. ಈ ಇಬ್ಬರೂ ಮುದ್ರಿಕೆಯನ್ನು ಕೇಳಿಲ್ಲವೆಂಬುದೇ ನನ್ನ ವಾದ. ಕಾದಂಬರಿಯ ಒಂದು ಅಧ್ಯಾಯವನ್ನು ಹರಿದುಕೊಂಡು ಓದಿದವನು ಕಾದಂಬರಿಯನ್ನು ಓದಿದವನಾಗುವನೇ? ನಮ್ಮಲ್ಲಿಯೂ ಇದೇ ಗತಿ. ನಿಸಾರ್ ಅಹಮದರ 'ನಿತ್ಯೋತ್ಸವ' ಕವನಸಂಕಲನ 1976ರಲ್ಲಿ ಬಂದು, 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಧ್ವನಿಸುರುಳಿಯಾಯಿತು. ರಾಜ್ಯೋತ್ಸವದ ದಿನ ಮೊದಲ ಗೀತೆಯನ್ನು ಹಾಡಿದ ಮೇಲೆ ಉಳಿದವುಗಳ ಹೆಸರು ಹೇಳಬಲ್ಲವರೆಷ್ಟು ಮಂದಿ?

ಹಳೆಯ ತಟ್ಟೆಗಳನ್ನು ಕೂಡಿಡುವ ಹವ್ಯಾಸವುಳ್ಳವನಾಗಿ ಒಂದು ಮಾತು ಹೇಳುತ್ತೇನೆ. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಸುಮಾರು ಇಪ್ಪತ್ತು ನಿಮಿಷದ ಸಂಗೀತ. ಅದು ಮುಗಿದೊಡನೆ ಎದ್ದು ಹೋಗಿ ತಟ್ಟೆಯನ್ನು ಮಗುಚಬೇಕು. ಬೇಕಾದ ಹಾಡಿಗೆ ಬೆರಳ ತುದಿಯಲ್ಲಿ ಹಾರುವಂತಿಲ್ಲ. ಈ ಮಿತಿಯ ಗುರುತುಗಳು ಮೂಲ ಮುದ್ರಣದ ಲಕೋಟೆಯಲ್ಲಿ ಇಂದಿಗೂ ಕಾಣುತ್ತವೆ: ಸ್ಥಳ ಸಾಲದೆ ಕೈಬಿಟ್ಟ ಹಾಡಿನ ಸಾಹಿತ್ಯ ಅಲ್ಲಿ ಅಚ್ಚಾಗಿದೆ, ತಟ್ಟೆಯಲ್ಲಿ ಹಾಡಿಲ್ಲ, ಮೂರನೆಯ ಮಗ್ಗುಲಿನ ಮೊದಲ ಹಾಡು ಕಾಗದದ ಮೇಲೆ ಕಡೆಗೆ ಬಂದಿದೆ. ನಾಲ್ಕನೆಯ ಮಗ್ಗುಲು ಅರ್ಧ ವಾಕ್ಯಕ್ಕೆ ನಿಲ್ಲುತ್ತದೆ. ಉಳಿದರ್ಧವು ಮೊದಲನೆಯ ಮಗ್ಗುಲಿನ ಆರಂಭದಲ್ಲಿದೆ. (ನೀಲಗಿರಿಯ ಮಂಜಿನಲ್ಲಿ ಲಕೋಟೆಗೆ ಬೂಷ್ಟು ಹಿಡಿಯದಂತೆ ಕಾಯುವುದೇ ಒಂದು ತಪಸ್ಸು, ಆ ಪ್ರಸಂಗ ಇಲ್ಲಿ ಬೇಡ.)

ಹೀಗೆ ಕ್ರಮವಾಗಿ ಕೇಳಿದರೆ ಆ ಕುಖ್ಯಾತ ಹಾಡಿಗೆ ಮೊದಲು ಬರುವ ಪುಟ್ಟ ಹಾಡು ಕಿವಿಗೆ ಬೀಳುತ್ತದೆ. ಮಕ್ಕಳ ದೌರ್ಬಲ್ಯಗಳನ್ನೆಲ್ಲ ಹುಡುಕಿ ಹಂಗಿಸುವ ಉಪಾಧ್ಯಾಯರು ಅಲ್ಲಿದ್ದಾರೆ. ಅವರೇ ಮನೆಗೆ ಹೋದಾಗ ಹೆಂಡತಿಯ ಕೈಯಲ್ಲಿ ಪೆಟ್ಟು ತಿನ್ನುವವರೆಂಬ ಮಾತೂ ಅಲ್ಲಿಯೇ ಇದೆ. ಪೆಟ್ಟು ತಿಂದವನು ಪೆಟ್ಟು ಕೊಡುತ್ತಾನೆಂಬ ಈ ಸೂಕ್ಷ್ಮವನ್ನು ಬಿಟ್ಟು ಬರಿಯ ಕೂಗನ್ನು ಮಾತ್ರ ಹಿಡಿದುಕೊಂಡವರು ಅದನ್ನು ಶಿಕ್ಷಕದ್ವೇಷವೆಂದು ಕರೆದರು. ರಚಿಸಿದ ರೋಜರ್ ವಾಟರ್ಸ್ ಯಾರ ಮಗನೆಂದು ವಿಚಾರಿಸಿದ್ದರೆ ಸಾಕಿತ್ತು. ಅವನ ತಂದೆ ಶಾಲಾಶಿಕ್ಷಕ, ತಾಯಿಯೂ ಶಿಕ್ಷಕಿ. ತಂದೆ 1944ರ ಫೆಬ್ರವರಿಯಲ್ಲಿ ಇಟಲಿಯ ಆಂಜಿಯೊ ರಣಭೂಮಿಯಲ್ಲಿ ಮಡಿದಾಗ ಮಗು ಐದು ತಿಂಗಳಿನದು.

ಇನ್ನು ಹಾಡಿದ ಮಕ್ಕಳು. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಈ ವಿದ್ಯಾರ್ಥಿಗಳನ್ನು ಹಾಡಲು ಕರೆದೊಯ್ದವನು ಅವರ ಸಂಗೀತದ ಮೇಷ್ಟ್ರೇ, ಅಲನ್ ರೆನ್‌ಶಾ. ಶಾಲೆಗೆ ಸಾವಿರ ಪೌಂಡು ಸಂದಿತು. ಮಕ್ಕಳ ಕೈಗೆ ಕಾಸಿಲ್ಲ. ಅವರು ಬೆಳೆದು ದೊಡ್ಡವರಾಗಿ ತಮ್ಮ ಪಾಲನ್ನು ಕೇಳಿದ್ದು 2004ರಲ್ಲಿ. ಮಕ್ಕಳ ಪರವಾಗಿ ಗುಡುಗಿದ ಮುದ್ರಿಕೆಯು ಮಕ್ಕಳ ಲೆಕ್ಕವನ್ನು ಮರೆತದ್ದು ಸಣ್ಣ ಕಳಂಕವಲ್ಲ. ಕಳಂಕ ಇನ್ನೂ ಇದೆ. ಎರಡನೆಯ ಮಗ್ಗುಲಿನಲ್ಲಿ ಹೆಣ್ಣೆಂದರೆ ಒಂದೋ ಭೋಗವಸ್ತು, ಇಲ್ಲವೇ ದ್ರೋಹಿ. ಸ್ವಾನುಕಂಪದ ಕೊರಗು ಬೇಸರ ತರಿಸುತ್ತದೆ. ಅದನ್ನು ಮಹಾಕೃತಿಯೆಂದು ಪೂಜಿಸುವ ಸಂಗ್ರಾಹಕ ಮಿತ್ರರೊಡನೆ ನನಗೆ ಸಹಮತವಿಲ್ಲ.

ಆದರೆ ಆ ಕೂಗು ಸುಳ್ಳಲ್ಲ. 1980ರಲ್ಲಿ ದಕ್ಷಿಣ ಆಫ್ರಿಕೆಯ ಬಿಳಿಯರಲ್ಲದ ಮಕ್ಕಳು, ತಮಗೆ ಕೊಡುತ್ತಿದ್ದ ಕೀಳುದರ್ಜೆಯ ವಿದ್ಯಾಭ್ಯಾಸವನ್ನು ಪ್ರತಿಭಟಿಸಿ ತರಗತಿಗಳನ್ನು ಬಹಿಷ್ಕರಿಸಿದಾಗ ಈ ಹಾಡನ್ನೇ ಹಾಡಿದರು. ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು. ಆ ಮಕ್ಕಳಿಗೆ ವಿದ್ಯೆ ಬೇಡವಾಗಿತ್ತೇ? ಒಳ್ಳೆಯ ವಿದ್ಯೆ ಬೇಕಾಗಿದ್ದುದರಿಂದಲೇ ಬೀದಿಗಿಳಿದರು.

ನಮ್ಮ ಜಿಲ್ಲೆಗೆ ಬರೋಣ. ಬೆತ್ತವು 2009ರ ಶಿಕ್ಷಣಹಕ್ಕಿನ ಕಾನೂನಿನಿಂದ ನಿಷಿದ್ಧವಾಯಿತು. ನಾಲಿಗೆಯ ಬೆತ್ತಕ್ಕೆ ಕಡಿವಾಣವೆಲ್ಲಿ? ಉದಕಮಂಡಲದ ಸುತ್ತಿನ ಹಟ್ಟಿಗಳಿಂದ ಬರುವ ಮಗುವಿನ ಮನೆಯ ಮಾತು ಬಡಗ. ಗೂಡಲೂರಿನ ಕಡೆ ಪಣಿಯರ ಮಾತು, ಬೆಟ್ಟ ಕುರುಂಬರ ಮಾತು, ಮಲಯಾಳ, ತಮಿಳು, ಕನ್ನಡ ಎಲ್ಲವೂ ಒಂದೇ ಬೀದಿಯಲ್ಲಿ ಕೇಳುತ್ತವೆ. ಆ ಮಗು ಮನೆಯ ಪದವೊಂದನ್ನು ತರಗತಿಯಲ್ಲಿ ಆಡಿದಾಗ, ಅದು ಕೆಟ್ಟ ಕನ್ನಡವೆಂದು ನಗುವ ಉಪಾಧ್ಯಾಯರನ್ನು ನಾವು ಕಂಡಿಲ್ಲವೇ? ಇಡೀ ತರಗತಿ ನಗುತ್ತದೆ. ಮಗು ಮರುದಿನದಿಂದ ಬಾಯಿ ತೆರೆಯುವುದಿಲ್ಲ. ನಾಡಿನ ಅಂಚಿನಲ್ಲಿ ಕನ್ನಡಕ್ಕೆ ಎಡೆಯಿಲ್ಲವೆಂದು ಸಭೆ ಸೇರಿ ನಿರ್ಣಯ ಮಂಡಿಸುವ ನಾವೇ, ನಮಗಿಂತ ಚಿಕ್ಕ ನುಡಿಗೆ ಎಡೆ ಕೊಡದಿದ್ದರೆ ಆ ನಿರ್ಣಯಕ್ಕೆ ಬೆಲೆಯೇನು?

ಹಾಡನ್ನು ಶಾಲೆಯ ಅಂಗಳದಿಂದ ಅಟ್ಟಬೇಕೆನ್ನುವವರಿಗೆ ನನ್ನ ಸೂಚನೆ ಇಷ್ಟೆ. ಸಂಘದ ಮುಂದಿನ ಕೂಟದಲ್ಲಿ ಮೊದಲನೆಯ ಮಗ್ಗುಲನ್ನೂ ನಾಲ್ಕನೆಯದನ್ನೂ ಪೂರ್ಣವಾಗಿ ಕೇಳೋಣ. ತಟ್ಟೆಗಳನ್ನೂ ಯಂತ್ರವನ್ನೂ ನಾನು ತರುತ್ತೇನೆ. ವಿದ್ಯಾರ್ಥಿಗಳನ್ನೂ ಕರೆಯೋಣ, ಮುದ್ರಿಕೆಯ ಉಪಾಧ್ಯಾಯನು ಯಾರನ್ನು ಹೋಲುತ್ತಾನೆಂದು ಅವರು ಹೇಳಿದರೆ ಯಾರೂ ಮುನಿಯಬಾರದು.