ತಂದೆಗೂ ಬಿಡುವು ಬೇಕು

ಎರಡು ವರ್ಷ ದಾಟಿದರೂ ಮಗುವಿಗೆ ಮಾತು ಬಾರದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ದೊಡ್ಡದಾದಂತೆ ಸರಿಹೋದೀತೆಂದು ಕಾಯುವುದು ನಮ್ಮಲ್ಲಿ ವಾಡಿಕೆ. ಆಟಿಸಂ ಇದ್ದಲ್ಲಿ ಹೀಗೆ ಕಾಯುವುದರಿಂದ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಮಾತಿನ ತರಬೇತಿ, ಕೈಗಳ ಅಭ್ಯಾಸ, ಪಾಠ ಇವೆಲ್ಲ ಒಂದೇ ಗುರಿಯಿಂದ ನಡೆದು, ಮನೆಯಲ್ಲಿಯೂ ಮುಂದುವರಿಯಬೇಕು.

ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ತರಬೇತಿ ಪಡೆದು, ಮಗುವಿನ ಗಮನವನ್ನು ಅನುಸರಿಸಿ ಸ್ಪಂದಿಸುವ ಬಗೆಯನ್ನು ಹೆತ್ತವರಿಗೆ ಕಲಿಸಿದರು. ಮಕ್ಕಳು ತಾವಾಗಿಯೇ ಹೆತ್ತವರೊಡನೆ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಬಡವರಿಗೂ ದಾರಿಯುಂಟೆಂಬುದಕ್ಕೆ ಇದು ಸಾಕ್ಷಿ.

ಆದರೆ ನಸುಕಿನಿಂದ ನಡುರಾತ್ರಿಯವರೆಗೆ ಹೋಟೆಲಿನಲ್ಲಿ ದುಡಿಯುವ ತಂದೆ ಕಾಣುವುದು ನಿದ್ರಿಸುವ ಮಗುವನ್ನು ಮಾತ್ರ. ಇಂಥವನಿಗೆ ವಾರದಲ್ಲಿ ಅರ್ಧ ದಿನವಾದರೂ ಸಂಬಳ ಕಡಿಯದೆ ಬಿಡುವು ಕೊಡಬೇಕೆಂದು ಮಾಲಿಕರನ್ನೂ ಕಚೇರಿಗಳನ್ನೂ ನಾವು ಒತ್ತಾಯಪಡಿಸುತ್ತೇವೆ.

ಮಗು ಗೊಂದಲಗೊಳ್ಳುವುದೆಂದು ಮನೆಯಲ್ಲಿ ಕನ್ನಡವನ್ನು ಬಿಡಿರೆಂಬ ಸಲಹೆ ಪರನಾಡಿನಲ್ಲಿ ಕೇಳಿಬರುವುದುಂಟು. ಎರಡು ನುಡಿಗಳಿಂದ ಇಂಥ ಮಕ್ಕಳಿಗೆ ಹಾನಿಯಾಗುವುದೆಂದು ಸಂಶೋಧನೆಗಳು ಕಂಡಿಲ್ಲ. ತಾಯಿ ಸರಾಗವಾಗಿ ಆಡುವ ನುಡಿಯನ್ನೇ ಮಗು ಕೇಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಮನ್ನೂ ಒಳಗೊಂಡಿದೆ. ಪ್ರಮಾಣಪತ್ರಕ್ಕಾಗಿ ಅಲೆಯುವ ಕುಟುಂಬಗಳ ಕೈಹಿಡಿಯುವುದು ನಮ್ಮ ಕನ್ನಡ ಸಂಘಗಳ ಕರ್ತವ್ಯ.