ಜಪಾನ್ ಟಿವಿ ಹುಚ್ಚು ಬಿಡ್ರಿ, ಅಟ್ಟದ ಮ್ಯಾಲಿನ ಡಬ್ಬಾ ಟಿವಿ ಇಳಸ್ರಿ!

ಹಳೇ ವಿಡಿಯೋ ಗೇಮ್ ಆಡುವ ಹುಚ್ಚು ಈಗ ನಮ್ಮ ಬಿಜಾಪುರದ ಹುಡುಗರಿಗೂ ಹತ್ತಿದೆ. (ಗೊತ್ತು ಗೊತ್ತು, 2014ರಿಂದ ವಿಜಯಪುರ. ಬಾಯಿ ಮಾತ್ರ ಇನ್ನೂ ಕೇಳ್ತಿಲ್ಲ.) ಹತ್ತಲಿ, ಒಳ್ಳೇದೇ. ಕ್ಯಾಸೆಟ್ ಊದಿ ಊದಿ ಹಾಕಿ ಕಾಂಟ್ರಾ, ಮಾರಿಯೋ ಆಡಿದ ನಮ್ಮಂಥವರಿಗೆ ಇದು ಖುಷಿಯ ವಿಷಯವೇ. ನನ್ನ ಜಗಳ ಅದರ ಬೆನ್ನಿಗೇ ಬಂದಿರುವ ಇನ್ನೊಂದು ಹುಚ್ಚಿನ ಜೊತೆ. ಹಳೇ ಗೇಮಿಗೆ ಜಪಾನಿನದೋ ಅಮೆರಿಕಾದ್ದೋ ಹಳೇ ಟಿವಿನೇ ಆಗಬೇಕು, ನಮ್ಮ ಬಿಪಿಎಲ್, ಒನಿಡಾ, ವಿಡಿಯೋಕಾನ್ ಎಲ್ಲ ದಂಡ ಅನ್ನೋ ಹುಚ್ಚು!

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡ್ತೀನಿ. ಹಳೇ ಗೇಮಿಗೆ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಯೇ ಸರಿ. ಇದು ಬರೀ ಹಳೆಯ ನೆನಪಿನ ಗೀಳಲ್ಲ. ಎಲ್‌ಇಡಿ ಟಿವಿ ಬಂದ ಚಿತ್ರವನ್ನು ತನ್ನ ಅಳತೆಗೆ ಹಿಗ್ಗಿಸಿಕೊಂಡು ಆಮೇಲೆ ತೋರಿಸುತ್ತದೆ. ನೀವು ಬಟನ್ ಒತ್ತಿ ಮಾರಿಯೋ ಹಾರುವಷ್ಟರಲ್ಲಿ ಹೊಂಡಕ್ಕೆ ಬಿದ್ದಿರ್ತಾನೆ. ಇನ್ನು ಬಾತುಕೋಳಿ ಹೊಡೆಯುವ ಡಕ್ ಹಂಟ್ (1984) ಕಥೆ ಕೇಳಿ. ಟ್ರಿಗರ್ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನೊಳಗಿನ ಕಣ್ಣು ಆ ಬೆಳಕನ್ನು ಹುಡುಕುತ್ತದೆ. ಎಲ್‌ಇಡಿಯಲ್ಲಿ ಬೆಳಕು ತಡವಾಗಿ ಬರುವುದರಿಂದ ಆ ಬಂದೂಕು ಬರೀ ಪ್ಲಾಸ್ಟಿಕ್ಕು.

ಆದ್ರೆ ಡಬ್ಬಾ ಟಿವಿ ಬೇಕು ಅನ್ನೋದು ಬೇರೆ, ಜಪಾನಿನ ಡಬ್ಬಾ ಟಿವಿನೇ ಬೇಕು ಅನ್ನೋದು ಬೇರೆ. ಜಪಾನಿನ ಮನೆಗಳಲ್ಲಿ ಬರೋದು 100 ವೋಲ್ಟ್, ಅಮೆರಿಕಾದಲ್ಲಿ 120, ನಮ್ಮಲ್ಲಿ 230. ತಿಕೋಟಾದ ಹುಡುಗನೊಬ್ಬ ನನಗೆ ಹೇಳಿದ್ದು ಹೀಗೆ: "ಅದೇನ್ ದೊಡ್ಡ ಮಾತ್ರೀ ಅಣ್ಣಾರ, ಫ್ಯಾನಿನ ರೆಗ್ಯುಲೇಟರ್ ಹಚ್ಚಿ ಕಡಿಮಿ ಮಾಡಿದ್ರಾತು."

ಆಗಲ್ಲ ತಮ್ಮಾ! 230 ವೋಲ್ಟ್ ಅನ್ನೋದು ಸರಾಸರಿ ಲೆಕ್ಕ. ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಟಿವಿಯೊಳಗಿನ ದೊಡ್ಡ ಕೆಪಾಸಿಟರ್ ತುಂಬಿಕೊಳ್ಳೋದು ಆ ತುದಿಯವರೆಗೆ. 100 ವೋಲ್ಟ್ ಟಿವಿಯ ತುದಿ ಬರೀ 141, ಅದಕ್ಕೆ ತಕ್ಕ ಕೆಪಾಸಿಟರನ್ನೇ ಅದರಲ್ಲಿ ಹಾಕಿರ್ತಾರೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಲೆಯನ್ನು ಕತ್ತರಿಸುತ್ತದೆ ಅಷ್ಟೇ. ಅರ್ಧಕ್ಕೆ ತಿರುಗಿಸಿದರೂ ತುದಿ ಅದೇ 325! ಕೆಪಾಸಿಟರ್ ಪಟಾಕಿ ಹೊಡೆದಂಗೆ ಹೊಡೀತದೆ. ಇಸ್ತ್ರಿ ಪೆಟ್ಟಿಗೆಗೆ ಅಂತ ಮಾರುವ ಹಗುರ ಕನ್ವರ್ಟರುಗಳೂ ಇದೇ ಜಾತಿಯವು. ಬೇಕಾಗೋದು ತಾಮ್ರದ ಸುತ್ತಿನ, ಕೈಗೆ ಭಾರ ಹತ್ತುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್.

ಸರಿ, ಅದನ್ನೂ ತಂದಿರಿ ಅಂತಿಟ್ಟುಕೊಳ್ಳೋಣ. ಈಗ ಬಬಲೇಶ್ವರ, ತಿಕೋಟಾ ಕಡೆ ಹಳ್ಳಿಗೆ ಬನ್ನಿ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್‌ನ ಸ್ಥಾವರ ಇದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಇದೆ. ಆದ್ರೂ ತೋಟದ ಮನೆಯ ವೋಲ್ಟೇಜ್ ಕೂಡಗಿಯನ್ನು ಕೇಳಿ ಬರಲ್ಲ. ಟಿ.ಸಿ. ಎಷ್ಟು ದೂರ, ಎಷ್ಟು ಪಂಪ್‌ಸೆಟ್ ಒಮ್ಮೆಲೇ ಶುರುವಾದವು ಅನ್ನೋದರ ಮೇಲೆ ಏರಿಳಿತದೆ. ಸ್ಟೆಪ್ ಡೌನ್ ಪೆಟ್ಟಿಗೆ ವೋಲ್ಟೇಜನ್ನು ಭಾಗಿಸ್ತದೆ, ಹಿಡಿದು ನಿಲ್ಲಿಸಲ್ಲ. ಒಳಗೆ 170 ಬಂದ್ರೆ ಹೊರಗೆ 74, ಒಳಗೆ 260 ಬಂದ್ರೆ ಹೊರಗೆ 113. ಕಂಬದ ನ್ಯೂಟ್ರಲ್ ಕಡಿದರಂತೂ ಮನೆಗೆ 400ರ ಹತ್ತಿರ ಬರಬಹುದು. ಆಗ ಯಾವ ದೇಶದ ಟಿವಿಯೂ ಉಳಿಯಲ್ಲ.

ಇದೆಲ್ಲ ಗೆದ್ದು ಟಿವಿ ಹಚ್ಚಿದಿರಾ? ಇನ್ನು ನಿಜವಾದ ತಮಾಷೆ. ನಿಮ್ಮ ಹತ್ತಿರ ಇರೋ ಟಿವಿ ಗೇಮ್ ಇಲ್ಲಿಯ ಟಿವಿಗೆ ಅಂತ ಮಾರಿದ್ದು. ಅದು ಕೊಡೋದು ಪಾಲ್ ಸಿಗ್ನಲ್, ಸೆಕೆಂಡಿಗೆ 50 ಚಿತ್ರದ ಲೆಕ್ಕ. ಬರೀ ಎನ್‌ಟಿಎಸ್‌ಸಿ ಬಲ್ಲ ಜಪಾನಿನ ಟಿವಿಗೆ ಬೇಕಾದ್ದು 60. ಬಣ್ಣ ಹೋಗಿ ಕಪ್ಪು ಬಿಳುಪಾಗುತ್ತದೆ, ಇಲ್ಲಾ ಚಿತ್ರ ಮೇಲಿಂದ ಕೆಳಗೆ ಉರುಳ್ತಾ ಇರ್ತದೆ. ಆಂಟೆನಾ ವಯರಿನಿಂದ ಕೊಟ್ಟರೆ ಧ್ವನಿಯೂ ಇಲ್ಲ. ನಮ್ಮ ಪದ್ಧತಿಯಲ್ಲಿ ಧ್ವನಿ ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರ ಇರ್ತದೆ, ಅವರದರಲ್ಲಿ 4.5. ಅಂದ್ರೆ ಸಾವಿರಾರು ರೂಪಾಯಿ ಸುರಿದು ಕೊಂಡದ್ದು ಮೂಕ ಟಿವಿ :)

ಇತ್ತ ನಮ್ಮ ಟಿವಿಗಳನ್ನು ನೋಡಿ. 1982ರ ದಿಲ್ಲಿ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂದ ಮೇಲೆ ನಮ್ಮ ಕಂಪನಿಗಳು ಕಲಿತ ದೊಡ್ಡ ಪಾಠವೇ ವೋಲ್ಟೇಜ್ ಏರಿಳಿತ ತಾಳಿಕೊಳ್ಳೋದು. 90ರ ದಶಕದ ಕೊನೆಯ ನಂತರದ ಟಿವಿಗಳ ಬೆನ್ನಿನ ಚೀಟಿ ಓದಿ. 90ರಿಂದ 270 ವೋಲ್ಟ್ ಅಂತ ಬರೆದಿರುವಂಥವು ಸಿಗ್ತವೆ. ಅಂಥದ್ದಕ್ಕೆ ಸ್ಟೆಪ್ ಡೌನೂ ಬೇಡ. ಎವಿ ಸಾಕೆಟ್ ಇರುವ ಬಹಳಷ್ಟು ಟಿವಿಗಳು ಎನ್‌ಟಿಎಸ್‌ಸಿ ಚಿತ್ರವನ್ನೂ ತೋರಿಸ್ತವೆ. ಜಪಾನಿನ ಗೇಮ್ ಯಂತ್ರವನ್ನೇ ತಂದು ಹಚ್ಚಿದರೂ ನಡೀತದೆ. ಇಂಥ ಟಿವಿಯನ್ನು ದಂಡ ಅಂತ ಕರೆಯೋದು ಯಾವ ನ್ಯಾಯ?

ಅಮೆರಿಕಾದವರು ತಮ್ಮೂರ ಹಳೇ ಟಿವಿಯನ್ನು ರಸ್ತೆ ಬದಿಯಿಂದ ಎತ್ತಿ ತಂದು ಗೇಮ್ ಆಡ್ತಾರೆ. ಅವರನ್ನು ಅನುಕರಿಸಬೇಕಂದ್ರೆ ನಾವೂ ನಮ್ಮೂರ ಟಿವಿ ಎತ್ತಿ ತರಬೇಕು. ಅವರ ಟಿವಿಯನ್ನೇ ಹಡಗಿನಲ್ಲಿ ತರಿಸೋದಲ್ಲ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಅಟ್ಟದಿಂದ ಇಳಿದ ಡಬ್ಬಾ ಟಿವಿ ಹೋಗೋದು ಗುಜರಿಗೆ. ಅಲ್ಲಿ ಅದರ ಕುತ್ತಿಗೆಯ ತಾಮ್ರಕ್ಕಾಗಿ ಸುತ್ತಿಗೆಯಿಂದ ಟ್ಯೂಬು ಒಡೀತಾರೆ. ಆ ಗಾಜಿನಲ್ಲಿ ಸೀಸ ಇದೆ, ಒಡೆಯೋನು ಬರಿಗೈಯಲ್ಲಿರ್ತಾನೆ. ಅದನ್ನು ಸರಿ ಮಾಡಬಲ್ಲ ಮೆಕ್ಯಾನಿಕ್ ಸ್ಟೇಷನ್ ರೋಡಿನ ಕಡೆ ಹುಡುಕಿದರೆ ಇನ್ನೂ ಸಿಗ್ತಾನೆ. ಆದ್ರೆ ಈಗ ಮೊಬೈಲ್ ಗ್ಲಾಸ್ ಹಚ್ಚಿ ಹೊಟ್ಟೆ ಹೊರೀತಿದ್ದಾನೆ. ಪಿಕ್ಚರ್ ಟ್ಯೂಬ್ ಮತ್ತೆ ಮಾಡುವ ಕಾರ್ಖಾನೆ ನಮ್ಮ ದೇಶದಲ್ಲಿ ಉಳಿದಿಲ್ಲ. ಒಡೆದದ್ದು ಒಡೆದಂಗೇ.

ಇಷ್ಟು ಹೇಳಿದ ಮೇಲೂ "ನನಗೆ ಜಪಾನಿಂದೇ ಬೇಕು" ಅನ್ನುವವರು ಇರ್ತಾರೆ. ಅವರಿಗಾಗಿ ನಾಲ್ಕು ಮಾತು:

1. ಚೀಟಿ ಓದದೆ ಪ್ಲಗ್ ಹಾಕಬೇಡಿ. ಬರೀ 100 ಅಂತಿದ್ದರೆ 100 ಮಾತ್ರ.
2. ಟಿವಿ 100 ವ್ಯಾಟ್ ಆದ್ರೆ ಟ್ರಾನ್ಸ್‌ಫಾರ್ಮರ್ ಕನಿಷ್ಠ 200 ವಿಎ ಇರಲಿ. ಮುಂದೆ ಒಳ್ಳೇ ಸ್ಟೆಬಿಲೈಜರ್ ಇರಲಿ.
3. ಅಗ್ಗದ ಸ್ಟೆಪ್ ಡೌನ್ ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್. ಅದು ಮೇನ್ಸ್‌ನಿಂದ ನಿಮ್ಮನ್ನು ಬೇರೆ ಮಾಡಲ್ಲ. ಕೆಲವು ಹಳೇ ಟಿವಿಗಳ ಚಾಸಿಯೇ ನೇರ ಕರೆಂಟಿಗೆ ಸೇರಿರ್ತದೆ. ಅಂಥದ್ದಕ್ಕೆ ತೂತು ಕೊರೆದು ಎವಿ ಸಾಕೆಟ್ ಕೂರಿಸಿದರೆ ಜಾಯ್‌ಸ್ಟಿಕ್ ಹಿಡಿದ ಮಗುವಿನ ಕೈಗೇ ಶಾಕ್. ಇದು ನಮ್ಮ ದೇಶದ ಹಳೇ ಟಿವಿಗೂ ಅಷ್ಟೇ ನಿಜ.
4. ಬೆನ್ನಿನ ಮುಚ್ಚಳ ನೀವಾಗಿ ಬಿಚ್ಚಬೇಡಿ. ಬಣ್ಣದ ಟ್ಯೂಬಿನಲ್ಲಿ ಸುಮಾರು 25,000 ವೋಲ್ಟ್ ಇರ್ತದೆ. ಸ್ವಿಚ್ ಆರಿಸಿದ ಮೇಲೂ ಉಳಿದಿರ್ತದೆ.

ಕೊನೆಗೆ ನನ್ನ ಬ್ಲಾಗ್ ಬಳಗದವರಿಗೂ ಒಂದು ಮಾತು. ಬಾಲ್ಯದ ಟಿವಿ, ಛಾವಣಿ ಮೇಲಿನ ಆಂಟೆನಾ, ಭಾನುವಾರದ ಸಿನಿಮಾ ಅಂತ ಪುಟಗಟ್ಟಲೆ ಬರೆದು ಕಣ್ಣೀರು ಹಾಕ್ತೀವಲ್ಲ, ಆ ಟಿವಿ ಈಗ ಎಲ್ಲಿದೆ? ಗುಜರಿಗೆ ಕೊಟ್ಟು ಅದರ ಬಗ್ಗೆ ಕವನ ಬರೆಯೋದು ಬೇಡ. ಇದ್ದರೆ ಈ ವಾರವೇ ಇಳಿಸಿ, ಧೂಳು ಹೊಡೆದು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಅವನಿಗೆ ನಾಲ್ಕು ಕಾಸು, ನಿಮ್ಮ ಮಕ್ಕಳಿಗೆ ಒಂದು ಕಾಂಟ್ರಾ.

ಏನಂತೀರಿ? ನಿಮ್ಮ ಅಟ್ಟದ ಮೇಲೆ ಯಾವ ಟಿವಿ ಐತ್ರೀ?