ಚಿನ್ನದ ಊರಿನಲ್ಲಿ ವಿಹಾರ ಯಾರಿಗೆ?

ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಬಂಗಾರಪೇಟೆಯ ದಾರಿ ಹಿಡಿಯುತ್ತವೆ. ಕಮ್ಮಸಂದ್ರದ ಕೋಟಿಲಿಂಗಕ್ಕೊಂದು ಕೈಮುಗಿತ, ಬೇತಮಂಗಲದ ಕೆರೆಯ ಮೇಲೊಂದು ಸುತ್ತು, ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡದ ಮುಂದೊಂದು ಫೋಟೋ. ಹಿಂದಿರುಗುವಾಗ ಬಂಗಾರಪೇಟೆಯ ಗಾಡಿಯ ಮುಂದೆ ನಿಂತು ತಿಳಿನೀರಿನ ಪಾನಿಪುರಿ. ೨೦೧೮ರಲ್ಲಿ, ಮತ್ತೆ ೨೦೨೨ರಲ್ಲಿ ಕೆ.ಜಿ.ಎಫ್. ಹೆಸರಿನ ಚಲನಚಿತ್ರ ಬಂದ ಮೇಲಂತೂ ಊರಿನ ಹೆಸರು ದೇಶವೆಲ್ಲ ಹರಡಿತು. ಇದನ್ನು ನೋಡಿ ಕೆಲವರು ಹೊಸ ಮಂತ್ರ ಜಪಿಸತೊಡಗಿದ್ದಾರೆ: "ಗಣಿ ಹೋದರೆ ಹೋಯಿತು, ಊರನ್ನೇ ಪ್ರವಾಸದ ತಾಣ ಮಾಡಿ, ಎಲ್ಲರ ಹೊಟ್ಟೆಯೂ ತುಂಬುತ್ತದೆ."

ಬರುವ ಜನರ ಮೇಲೆ ನಮಗೆ ಸಿಟ್ಟಿಲ್ಲ. ವಾರವೆಲ್ಲ ದುಡಿದವನಿಗೆ ಒಂದು ದಿನದ ತಿರುಗಾಟ ಬೇಡವೆನ್ನುವವನು ಸಮಾಜವಾದಿಯಲ್ಲ. ನಮ್ಮ ಪ್ರಶ್ನೆ ಬೇರೆ. ಈ ಊರಿನಲ್ಲಿ ವಿಹಾರ ಎಂದಾದರೂ ಈ ಊರಿನವರದ್ದಾಗಿತ್ತೆ?

೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಿತು. ಬಿಳಿಯ ದೊರೆಗಳಿಗೆ ಬಂಗಲೆ ಎದ್ದವು, ಕ್ಲಬ್ಬು ಎದ್ದಿತು, ಗಾಲ್ಫ್ ಮೈದಾನ ಹಸಿರಾಯಿತು. 'ಪುಟ್ಟ ಇಂಗ್ಲೆಂಡ್' ಎಂಬ ಮುದ್ದಿನ ಹೆಸರು ಬಂತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಿಂತ ಮೊದಲು ಇಲ್ಲಿಯ ಯಂತ್ರಗಳಿಗೆ ಬಂತು. ಅದೇ ಹೊತ್ತಿನಲ್ಲಿ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಹೊಟ್ಟೆಪಾಡಿಗೆ ಬಂದ ದಲಿತರು, ಬಡ ರೈತರು ತಟ್ಟಿಗೋಡೆಯ ಲೈನುಮನೆಗಳಲ್ಲಿ ಹತ್ತಿಕ್ಕಿಕೊಂಡು ಬದುಕಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಆ ಆಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿ ಮೀರುತ್ತಿತ್ತು. ಬಂಡೆ ಸಿಡಿದರೆ ಜೀವ ಹೋಗುತ್ತಿತ್ತು. ಸಿಡಿಯದಿದ್ದರೆ ಕಲ್ಲಿನ ಧೂಳು ಪುಪ್ಪುಸವನ್ನು ತಿನ್ನುತ್ತಿತ್ತು. ಮೇಲೆ ದೊರೆಯ ಚೆಂಡು ಹುಲ್ಲಿನ ಮೇಲೆ ಉರುಳುತ್ತಿದ್ದಾಗ ಕೆಳಗೆ ಕೂಲಿಯ ಬೆವರು ಕತ್ತಲೆಯಲ್ಲಿ ಹರಿಯುತ್ತಿತ್ತು.

ವಿರಾಮವೆಂಬುದು ಧಣಿಯ ಕೃಪೆಯಿಂದ ಬರುವ ವಸ್ತುವಲ್ಲ. ಇಂಗ್ಲೆಂಡಿನ ಗಿರಣಿ ಕೆಲಸಗಾರರು ಬ್ಲ್ಯಾಕ್‌ಪೂಲ್ ಎಂಬ ಕಡಲ ತೀರದ ಊರಿಗೆ ರೈಲು ತುಂಬಿ ಹೋಗುತ್ತಿದ್ದರು. ಎಷ್ಟೋ ಕಾಲ ಅದು ಸಂಬಳ ಕಳೆದುಕೊಂಡು ಪಡೆದ ರಜೆ. ಸಂಘಗಳು ಹೋರಾಡಿದ ಮೇಲೆ ೧೯೩೮ರಲ್ಲಿ ಸಂಬಳಸಹಿತ ರಜೆಗೆ ಅಲ್ಲಿ ಕಾಯಿದೆ ಬಂತು. ನಮ್ಮಲ್ಲಿ ೧೯೪೮ರ ಕಾರ್ಖಾನೆ ಕಾಯಿದೆ ದುಡಿದ ಇಪ್ಪತ್ತು ದಿನಕ್ಕೊಂದು, ೧೯೫೨ರ ಗಣಿ ಕಾಯಿದೆ ನೆಲದಡಿ ದುಡಿದ ಹದಿನೈದು ದಿನಕ್ಕೊಂದು ಸಂಬಳಸಹಿತ ರಜೆ ಎಂದು ಬರೆದವು. ಆ ಒಂದೊಂದು ದಿನದ ಹಿಂದೆಯೂ ದುಡಿಯುವವರ ಹೋರಾಟವಿದೆ.

ಚಲನಚಿತ್ರ ಹೇಳುವ ಕಥೆ ಬೇರೆ. ಅಲ್ಲಿ ಕೂಲಿಗಳೆಲ್ಲ ತಲೆ ಬಗ್ಗಿಸಿದ ಗುಲಾಮರು. ಹೊರಗಿನಿಂದ ಬಂದ ಒಬ್ಬ ಗಂಡುಗಲಿ ಅವರನ್ನು ಬಿಡಿಸಬೇಕು. ಕಥೆ ಕಟ್ಟುವವರು ಕಟ್ಟಿಕೊಳ್ಳಲಿ. ಆದರೆ ಗುಡ್ಡದ ಮುಂದೆ ಫೋಟೋ ತೆಗೆದುಕೊಳ್ಳುವವರಿಗೆ ನಿಜ ಹೇಳುವವರು ಯಾರು? ೧೯೩೦ರಲ್ಲಿ ಬೆರಳಚ್ಚಿನ ನೋಂದಣಿ ತಂದಾಗ "ನಾವು ಕಳ್ಳರಲ್ಲ" ಎಂಬ ಅಭಿಮಾನದಿಂದ ಸಾವಿರಾರು ಕೂಲಿಗಳು ತಾವಾಗಿಯೇ ಕೆಲಸ ನಿಲ್ಲಿಸಿದರು. ೧೯೪೬ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಈ ಊರಿನ ವೀರರು ಅವರು.

೨೦೦೧ರ ಫೆಬ್ರವರಿ ೨೮ರಂದು ಗಣಿಗೆ ಬೀಗ ಬಿತ್ತು. ೧೨೦ ವರ್ಷದಲ್ಲಿ ಸುಮಾರು ೮೦೦ ಟನ್ ಚಿನ್ನ ಕೊಟ್ಟ ಊರಿನ ಮಕ್ಕಳು ಇಂದೇನು ಮಾಡುತ್ತಿದ್ದಾರೆ? ನಸುಕಿನಲ್ಲೆದ್ದು ಮಾರಿಕುಪ್ಪಂನ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರುತ್ತಾರೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ ಎಂದು ಲೋಕದ ಕಾರ್ಮಿಕರು ಕೂಗಿದರಲ್ಲ, ಆ ವಿರಾಮದ ಪಾಲನ್ನು ಇಲ್ಲಿ ರೈಲೇ ನುಂಗಿಬಿಟ್ಟಿದೆ. ಪರಸ್ಥಳದವರ ಬಿಡುವಿಗೆ ತಾಣವಾಗಬೇಕಾದ ಊರಿನಲ್ಲಿ ಊರಿನವರಿಗೇ ಬಿಡುವಿಲ್ಲ!

"ಪ್ರವಾಸ ಬಂದರೆ ಕೆಲಸ ಬರುತ್ತದಲ್ಲ?" ಎನ್ನುತ್ತೀರಿ. ಬರಬಹುದು, ಎಂಥ ಕೆಲಸ? ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ಲಿದ್ದ ನೆಲದ ಮೇಲೆ ಇಂದು ಮಾಲ್ ನಿಂತಿದೆ. ಮಗ್ಗ ನಡೆಸಿದವನ ಮೊಮ್ಮಗ ಅಂಥ ಬಾಗಿಲಲ್ಲಿ ಕಾವಲು ನಿಂತರೆ ಅದನ್ನು ಅಭಿವೃದ್ಧಿಯೆಂದು ಕರೆಯುವ ನಾಲಿಗೆ ನಮಗಿಲ್ಲ. ಗುತ್ತಿಗೆದಾರನೊಬ್ಬ ಬೇಲಿ ಹಾಕಿ ಟಿಕೆಟ್ ಹರಿಯತೊಡಗಿದರೆ ಮೊದಲು ಏಳುವುದು ಬಂಗಾರಪೇಟೆಯ ತಳ್ಳುಗಾಡಿ, ಆಮೇಲೆ ಆಂಡರ್ಸನ್‌ಪೇಟೆಯ ಚಹದಂಗಡಿ. ಸಣ್ಣ ವ್ಯಾಪಾರಿ ಬಂಧುಗಳು ಈಗಲೇ ಎಚ್ಚರಗೊಳ್ಳಬೇಕು. ಈ ವಿಚಾರದಲ್ಲಿ ನಿಮ್ಮ ಹಿತವೂ ಕಾರ್ಮಿಕನ ಹಿತವೂ ಒಂದೇ.

ಇನ್ನು ಆ ಗುಡ್ಡಗಳು. ಅವು ದೇವರು ಇಟ್ಟ ಬೆಟ್ಟಗಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನ ಹಿಂಡಿ, ಬಿಸುಟ ಮಣ್ಣಿನ ರಾಶಿ. ಪ್ರವಾಸಿಗೆ ಅದು ಅರ್ಧಗಂಟೆಯ ನೋಟ. ಪಕ್ಕದ ಲೈನಿನ ತಾಯಿಗೆ ಗಾಳಿಕಾಲದಲ್ಲಿ ಅನ್ನದ ತಟ್ಟೆಗೆ ಬೀಳುವ ಧೂಳು. ಆ ರಾಶಿಯಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ೨೦೨೪ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮಣ್ಣಿಗೂ ಬೆಲೆಯುಂಟು, ಚಿತ್ರಕ್ಕೂ ಬೆಲೆಯುಂಟು. ಧೂಳು ಕುಡಿದ ಎದೆಗೆ ಮಾತ್ರ ಬೆಲೆಯಿಲ್ಲವೆ?

ಆದ್ದರಿಂದ ನಾವು ಕೇಳುವುದಿಷ್ಟು. ಊರನ್ನು ತೋರಿಸುವ ಕೆಲಸ ಗಣಿಗಿಳಿದವರಿಗೆ ಮತ್ತು ಅವರ ಮಕ್ಕಳಿಗೆ, ನಿಗದಿಯಾದ ಸಂಬಳದ ಮೇಲೆ, ಸಿಗಬೇಕು. ವ್ಯಾಪಾರದ ಜಾಗ ಸ್ಥಳೀಯ ಸಣ್ಣ ಅಂಗಡಿಗೆ, ತಳ್ಳುಗಾಡಿಗೆ ಮೀಸಲಾಗಬೇಕು. ಒಬ್ಬನ ಗುತ್ತಿಗೆಗೆ ಹೋಗಕೂಡದು. ಧೂಳಿಗೆ ತಡೆಯಾಗಬೇಕು, ಅದು ಫೋಟೋಗಿಂತ ಮೊದಲು. ತಲೆಮಾರುಗಳಿಂದ ಲೈನುಮನೆಯಲ್ಲಿರುವವರಿಗೆ ಆ ಮನೆಯ ಹಕ್ಕುಪತ್ರ ಕೈಗೆ ಬರಬೇಕು. ದೊರೆಗಳ ಕಾಲದ ಆಟದ ಬಯಲು ಲೈನಿನ ಹುಡುಗರಿಗೂ ತೆರೆಯಬೇಕು. ೧೯೪೬ರ ಆರು ಮಂದಿಯ ಕಥೆ ಬಂದವರೆಲ್ಲರ ಕಿವಿಗೆ ಬೀಳಬೇಕು.

ಇವಿಷ್ಟೂ ಆದರೆ ಬೆಂಗಳೂರಿನಿಂದಲ್ಲ, ಲೋಕದ ಮೂಲೆಮೂಲೆಯಿಂದ ಜನ ಬರಲಿ, ನಾವೇ ಬಾಗಿಲಲ್ಲಿ ನಿಂತು ಸ್ವಾಗತಿಸುತ್ತೇವೆ. ಇವೊಂದೂ ಆಗದೆ ಬೋರ್ಡು ನೆಟ್ಟು ಟಿಕೆಟ್ ಹರಿದರೆ ಅದು ಸತ್ತವನ ಮನೆಯಲ್ಲಿ ಸಂತೆ ಕಟ್ಟಿದಂತೆ. ಅಂಥ ಸಂತೆಗೆ ಸುಂಕ ಕೊಡಲು ಈ ಊರಿನ ಜನ ಇನ್ನೊಮ್ಮೆ ತಯಾರಿಲ್ಲ.